ಅಕ್ಕಿ ಹೆಚ್ಚಾಗೇತಿ

ಸವಣೂರಿನ ಪಂಡಿತರ ಮನೆಯ ಹರಿಪ್ರಿಯಾಗೆ ಒಂದು ಜಂಬವಿತ್ತು. ತನ್ನ ಕನ್ನಡದಲ್ಲಿ ತಪ್ಪು ಹುಡುಕುವವರು ಇಡೀ ತಾಲೂಕಿನಲ್ಲೇ ಇಲ್ಲ ಎಂದು. ಇರಲಿ ಬಿಡಿ, ಒತ್ತಕ್ಷರ ತಪ್ಪಿದರೆ ಊಟಕ್ಕೇ ಬಿಡದ ಅಜ್ಜನ ಮೊಮ್ಮಗಳು ಅವಳು.

ಮಾಸೂರು ಕಡೆಯ ಒಂದು ಶಾಲೆಗೆ ಅವಳು ಕನ್ನಡ ಕಲಿಸಲು ಬಂದು ಎರಡು ವರ್ಷ. ಮಕ್ಕಳಿಗೆ ಒಳ್ಳೆಯ ಸಿನಿಮಾ ತೋರಿಸಬೇಕೆಂದು ಹೆಡ್‌ಮಾಸ್ತರ ಪರಮೇಶಪ್ಪನವರ ಬೆನ್ನು ಹತ್ತಿ, ಕೊನೆಗೆ ಒಂದೇ ಒಂದು ಶನಿವಾರ ಗಿಟ್ಟಿಸಿದ್ದಳು.

"ನೋಡ್ರಿ ಮೇಡಂ, ಹುಡುಗೂರು ಗದ್ದಲ ಮಾಡಿದ್ರ ಪ್ರೊಜೆಕ್ಟರ್ ಕಪಾಟಿಗೆ. ಆ ತಾಸು ಗಣಿತಕ್ಕ" ಎಂದಿದ್ದರು ಅವರು.

ಅವಳು ಆರಿಸಿದ್ದು ಜಪಾನಿನ ಕಾರ್ಟೂನ್ ಸಿನಿಮಾ. ಯುದ್ಧದಲ್ಲಿ ಮನೆ ಸುಟ್ಟು, ಅಣ್ಣ ತಂಗಿ ಇಬ್ಬರೇ ಹೊಳೆದಂಡೆಯ ಗುಡಿಸಲಲ್ಲಿ ಬದುಕುಳಿಯುವ ಕಥೆ. ಅದರ ಮಾತನ್ನೆಲ್ಲ ಅವಳೇ ಕನ್ನಡಕ್ಕೆ ಇಳಿಸಿದಳು. ಸದ್ದು ತಗ್ಗಿಸಿ, ಅಣ್ಣನ ಮಾತನ್ನು ಏಳನೆಯ ತರಗತಿಯ ಚನ್ನೇಶನೂ ತಂಗಿಯ ಮಾತನ್ನು ಶೀಲಾಳೂ ಮೈಕಿನಲ್ಲಿ ಓದುವುದೆಂದಾಯಿತು.

ಶುಕ್ರವಾರದ ತಾಲೀಮಿನಲ್ಲಿ ಚನ್ನೇಶ 'ಅಕ್ಕಿ ಇಲ್ಲ' ಎಂದು ಓದಿದ್ದನ್ನು ಕೇಳಿದ ಬಿಸಿಯೂಟದ ಹೊನ್ನವ್ವ ಬಾಗಿಲಲ್ಲೇ ನಿಂತು ಹೇಳಿದಳು. "ಅಕ್ಕಾರ, ಅಕ್ಕಿ ತೀರಿದ್ರ ಮನ್ಯಾಗ ಯಾರರ 'ಇಲ್ಲ' ಅಂತಾರೇನ್ರಿ? 'ಹೆಚ್ಚಾಗೇತಿ' ಅಂತಾರ. ಇಲ್ಲ ಅಂದ್ರ ಆ ಇಲ್ಲದ್ದು ಬಂದು ಮನ್ಯಾಗ ಕುಂದರತೈತಿ."

"ಸಿನಿಮಾದಾಗ ಇಲ್ಲ ಅಂತನ ಐತಿ, ಹೊನ್ನವ್ವ" ಎಂದು ಹರಿಪ್ರಿಯಾ ಮುಖ ತಿರುಗಿಸಿದಳು. ಸೌಟು ಹಿಡಿಯುವವಳು ಅನುವಾದ ಕಲಿಸುವುದೇ!

ಶನಿವಾರ ಬೆಳಿಗ್ಗೆ ಕಿಟಕಿಗಳಿಗೆ ಜಮಖಾನೆ ಕಟ್ಟಿ ಸಿನಿಮಾ ಶುರುಮಾಡಿದರು. ಪರದೆಯ ಮೇಲೆ ತಂಗಿ ಹೊಟ್ಟೆ ಹಿಡಿದು ಕುಳಿತಳು. ಶೀಲಾ ಓದಿದಳು, "ಅಣ್ಣಾ, ನನಗೆ ತುಂಬಾ ಹಸಿವಾಗುತ್ತಿದೆ."

"ಟಿವಿ ವಾರ್ತೆ ಬಂತಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಕೋಣೆ ಗೊಳ್ಳೆಂದಿತು. ಕುಣಿಯಲು ಬಾರದವಳು ನೆಲ ಡೊಂಕೆಂದಂತೆ ಹರಿಪ್ರಿಯಾ ಮಕ್ಕಳನ್ನೇ ಗದರಿದಳು. ನಗು ಇನ್ನೂ ಜೋರಾಯಿತು. ಪರಮೇಶಪ್ಪನವರು ಎದ್ದು ಸ್ವಿಚ್ಚಿನ ಕಡೆ ನಡೆದರು.

ಹರಿಪ್ರಿಯಾಗೆ ಅಳು ಬಂತು. ಎರಡು ತಿಂಗಳ ದುಡಿಮೆ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ತಪ್ಪು ಮಕ್ಕಳದಲ್ಲ, ತನ್ನದು ಎಂಬುದೂ ಆಗಲೇ ಹೊಳೆಯಿತು. ಇಬ್ಬರ ಕೈಯಿಂದಲೂ ಹಾಳೆ ಕಸಿದುಕೊಂಡಳು.

"ಹಾಳಿ ಬ್ಯಾಡ. ಕಥಿ ನಿಮಗ ಗೊತ್ತೈತಿ, ನಿಮ್ಮ ಮನ್ಯಾಗ ಹೆಂಗ ಮಾತಾಡ್ತೀರಿ ಹಂಗ ಮಾತಾಡ್ರಿ. ಅಕ್ಕಿ ಮಾತು ಹೊನ್ನವ್ವ ಹೇಳಿದಂಗ!"

ಪರದೆಯಲ್ಲಿ ಅಣ್ಣ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ. ತಳ ಕಾಣುತ್ತಿತ್ತು.

"ಯಣ್ಣಾ, ಹೊಟ್ಟಿ ಹಸದೈತಿ. ಅಕ್ಕಿ ಐತೇನು?" ಎಂದಳು ಶೀಲಾ.

ಚನ್ನೇಶ ಮೆಲ್ಲಗೆ ಅಂದ, "ಅಕ್ಕಿ ಹೆಚ್ಚಾಗೇತವ್ವಾ."

ಕೋಣೆ ಗಪ್ಪಾಯಿತು. ಅವ್ವ ಆ ಮಾತಾಡಿದ್ದನ್ನು ಕೇಳದ ಮಗು ಅಲ್ಲಿ ಒಂದೂ ಇರಲಿಲ್ಲ. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದವರೂ ಇದ್ದರು. ಜಪಾನಿನ ಗುಡಿಸಲು ಒಮ್ಮೆಲೇ ಮಾಸೂರಿಗೆ ಬಂದಿತ್ತು. ಸ್ವಿಚ್ಚಿನ ಹತ್ತಿರ ಹೋದ ಪರಮೇಶಪ್ಪನವರ ಕೈ ಅಲ್ಲೇ ನಿಂತಿತು. ಆಮೇಲೆ ಅವರು ನೆಲದ ಮೇಲೇ, ಮಕ್ಕಳ ನಡುವೆ ಕುಳಿತುಬಿಟ್ಟರು.

ಯುದ್ಧ ಮುಗಿಯಿತು. ತಂಗಿಯನ್ನು ಬೆನ್ನ ಮೇಲೆ ಹೊತ್ತು ಅಣ್ಣ ಊರ ದಾರಿ ಹಿಡಿದಾಗ ಮಕ್ಕಳೆಲ್ಲ ಎದ್ದು ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ಗದ್ದಲವೆಂದರೆ ಗದ್ದಲ!

"ಸರ್, ಗಣಿತ?" ಎಂದು ಹರಿಪ್ರಿಯಾ ಹೆದರುತ್ತಲೇ ಕೇಳಿದಳು.

ಪರಮೇಶಪ್ಪನವರು ಕನ್ನಡಕ ಒರೆಸಿಕೊಂಡರು. "ಮುಂದಿನ ಶನಿವಾರ ಯಾವ ಸಿನಿಮಾರಿ?"

ಹರಿಪ್ರಿಯಾ ನೆಟ್ಟಗೆ ಅಡುಗೆಮನೆಗೆ ಹೋದಳು. ಮಕ್ಕಳ ಸಾಲಿನ ತುದಿಯಲ್ಲಿ ತಾನೂ ತಟ್ಟೆ ಹಿಡಿದು ನಿಂತಳು. ಸರದಿ ಬಂದಾಗ ಅಂದಳು, "ಹೊನ್ನವ್ವ, ನನ್ನ ಕನ್ನಡ ನೀನ ತಿದ್ದಿದಿ. ಅನ್ನ ಹೆಚ್ಚಾತೇನು?"

ಹೊನ್ನವ್ವ ಬೋಗಾಣಿಯ ಮುಚ್ಚಳ ಸರಿಸಿದಳು. ಒಳಗೆ ಅನ್ನ ಹಬೆಯಾಡುತ್ತಿತ್ತು.

"ಇವತ್ತು ಖರೇನ ಹೆಚ್ಚಾಗೇತ್ರಿ, ಅಕ್ಕಾರ. ತಟ್ಟಿ ಹಿಡೀರಿ."