ಎಷ್ಟು ಅಂಕಕ್ಕೆ, ಸರ್?

ಮಗಳು ಹುಟ್ಟಿದ ದಿನ ಪಂಪ್ ಮೇಸ್ತ್ರಿ ಅಂಗಡಿಯಿಂದ ನೇರ ಆಸ್ಪತ್ರೆಗೆ ಓಡಿದ್ದ. ನರ್ಸು ಅವನ ಕೈ ನೋಡಿ ಮಗುವನ್ನು ಹಿಂದಕ್ಕೆಳೆದುಕೊಂಡು, "ಮೊದಲು ಕೈ ತೊಳ್ಕೊಂಡು ಬನ್ನಿ" ಅಂದಳು. ಮೂರು ಸಲ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅಲ್ಲೇ, ಒದ್ದೆ ಕೈಯಲ್ಲೇ, ಹೆಂಡತಿಗೆ ಮಾತು ಕೊಟ್ಟ: "ನೋಡು, ನನ್ನ ಉಸಿರಿರೋ ತನಕ ಇವಳ ಕೈಗೆ ಗ್ರೀಸ್ ತಾಗೋಕೆ ಬಿಡಲ್ಲ."

ಮಾತು ಅಂದರೆ ಮಾತು. ಇಪ್ಪತ್ತೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ. ಮಗಳು ಸ್ಪ್ಯಾನರ್ ಮುಟ್ಟಿದರೆ, "ಇಡಮ್ಮ ಕೆಳಗೆ, ಓದ್ಕೋ ಹೋಗು." ಬಲ್ಬು ಹೋದರೂ ಅವನೇ ಸ್ಟೂಲು ಹತ್ತಬೇಕು, ಮಗಳು ಕೆಳಗೆ ನಿಂತು ಟಾರ್ಚ್ ಹಿಡಿಯಬೇಕು. ಮಗಳೂ ಜಾಣೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಕಾಲೇಜಿಗೇ ಎರಡನೆಯವಳಾಗಿ ಪಾಸಾದಳು. ಬೀದಿಯವರು 'ಇಂಜಿನಿಯರಮ್ಮ' ಎಂದು ಕರೆಯತೊಡಗಿದರು. ಮೇಸ್ತ್ರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಕೆಲಸ ಮಾತ್ರ ಸಿಗಲಿಲ್ಲ. ಒಂಬತ್ತು ಸಂದರ್ಶನ, ಒಂಬತ್ತು "ತಿಳಿಸ್ತೀವಿ". ಹತ್ತನೆಯದು ಹಣ್ಣಿನ ರಸದ ಕಾರ್ಖಾನೆಯಲ್ಲಿ. ಮೇಸ್ತ್ರಿಯ ಹೆಂಡತಿಯ ಅಕ್ಕ, ಅಂದರೆ ಹುಡುಗಿಯ ದೊಡ್ಡಮ್ಮ, ಅಲ್ಲಿ ಪಾಳಿಯ ಮೇಲ್ವಿಚಾರಕಿ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು.

"ಏನಾಯ್ತು ಅತ್ತಿಗೆ?" ಅಂದ ಮೇಸ್ತ್ರಿ.

"ಏನಾಗೋದು ಮೇಸ್ತ್ರಿಗಳೇ! ಸಾಹೇಬ್ರು ಒಂದು ಸೋರೋ ಪಂಪನ್ನ ಇವಳ ಮುಂದಿಟ್ಟು, 'ಯಾಕೆ ಸೋರುತ್ತೆ ನೋಡಮ್ಮ' ಅಂದ್ರು. ಇವಳು ಏನು ಕೇಳಿದಳು ಗೊತ್ತಾ? 'ಎಷ್ಟು ಅಂಕಕ್ಕೆ, ಸರ್?'"

"ದೊಡ್ಡಮ್ಮಾ!" ಬಾಗಿಲ ಹಿಂದಿನಿಂದ ಮಗಳು ಕೂಗಿದಳು. "ಐದು ಅಂಕಕ್ಕಾದ್ರೆ ವ್ಯಾಖ್ಯೆ ಸಾಕು. ಹತ್ತಕ್ಕಾದ್ರೆ ಚಿತ್ರಾನೂ ಬೇಕು. ಅದಕ್ಕೇ ಕೇಳ್ದೆ!"

"ಬಿಡಿಸಿದಳು ಕಣ್ರೀ ಚಿತ್ರ! ಬಾಣದ ಗುರುತು ಹಾಕಿ, ಭಾಗಗಳ ಹೆಸರು ಬರೆದು, ಕೆಳಗೆ ಗೆರೆ ಎಳೆದು. ಅಷ್ಟು ಹೊತ್ತೂ ಪಂಪು ಪಕ್ಕದಲ್ಲಿ ಸೋರ್ತಾನೇ ಇತ್ತು. ಸಾಹೇಬ್ರ ಬೂಟೆಲ್ಲ ಒದ್ದೆ."

ಮೇಸ್ತ್ರಿಗೆ ನಗು ಬರಲಿಲ್ಲ. "ಅಲ್ಲ ಅತ್ತಿಗೆ, ಪಂಪು ಬಿಚ್ಚೋಕೆ ನನ್ನಂಥೋರು ಸಾಲದಾ? ಓದಿದೋರು ಕುರ್ಚೀಲಿ ಕೂತು ಹೇಳ್ಬೇಕು."

"ಒಂದು ಸಲಾನೂ ಬಿಚ್ಚದೋಳು ಏನು ಹೇಳ್ತಾಳೆ? ಈಜೋದನ್ನ ಬಾಯಿಪಾಠ ಮಾಡಿಸಿ ಬಾವಿಗೆ ತಳ್ಳಿದ ಹಾಗಾಯ್ತು. ತಪ್ಪು ಇವಳದ್ದಲ್ಲ. ಕಾಲೇಜಲ್ಲಿ ಅರವತ್ತು ಮಕ್ಕಳಿಗೆ ಒಂದು ಪಂಪು, ಅದೂ ಗಾಜಿನ ಬೀರೂಲಿ. ಇಲ್ಲಿ ಅಂಗಡಿ ತುಂಬ ಪಂಪು, ಮುಟ್ಟೋಕೆ ನೀವು ಬಿಡಲ್ಲ. ಕೆರೆ ದಂಡೇಲಿ ಕೂರಿಸಿ ಬಾಯಾರಿಸಿದೀರಿ."

"ನಾನು ಮಾತು ಕೊಟ್ಟಿದೀನಿ."

ದೊಡ್ಡಮ್ಮ ಚೀಲದಿಂದ ಒಂದು ಕಾಗದ ತೆಗೆದಳು. ಹೊಸ ಪದವೀಧರರಿಗೆ ಕಾರ್ಖಾನೆಯಲ್ಲಿ ಒಂದು ವರ್ಷದ ಕೆಲಸದ ತರಬೇತಿ, ತಿಂಗಳಿಗಿಷ್ಟು ಅಂತ ಸಂಬಳವೂ ಉಂಟು. ಎರಡೇ ಜಾಗ. ಇನ್ನು ಮೂರು ವಾರಕ್ಕೆ ಕೈಕೆಲಸದ ಪರೀಕ್ಷೆ. "ನಾನು ಶಿಫಾರಸು ಗಿಫಾರಸು ಮಾಡಲ್ಲ. ಗೇಟಲ್ಲಿ ಅಂಟಿಸಿದ್ರು, ಒಂದು ಪ್ರತಿ ತಗೊಂಡು ಬಂದೆ ಅಷ್ಟೇ. ಈ ವರ್ಷ ಪಾಸಾದೋರಿಗೆ ಮಾತ್ರ. ಇದು ತಪ್ಪಿದ್ರೆ ಇವಳು ಹಳಬಳಾಗ್ತಾಳೆ, ನೋಡ್ಕೊಳ್ಳಿ."

ಮೇಸ್ತ್ರಿ ಎರಡು ದಿನ ಆ ಕಾಗದ ಮುಟ್ಟದೆ ಅಂಗಡಿಗೆ ಹೋಗಿ ಬಂದ. ಮೂರನೆಯ ದಿನ ಊಟ ಬಡಿಸುತ್ತಾ ಹೆಂಡತಿ ಅಂದಳು, "ಮಾತು ಕೊಟ್ಟಿದ್ದು ನನಗೆ ತಾನೇ? ವಾಪಸ್ ಕೊಡ್ತಿದೀನಿ, ತಗೊಳ್ಳಿ."

"ವಾಪಸ್ ತಗೊಳ್ಳೋಕೆ ಅದೇನು ಪಾತ್ರೆನಾ?"

"ಪಾತ್ರೆ ಆಗಿದ್ರೆ ತೊಳೆದು ಕೊಡ್ತಿದ್ದೆ. ಮಗಳ ಮುಖ ನೋಡಿದೀರಾ? ಮೂರು ದಿನದಿಂದ ಹೊಸ್ತಿಲು ದಾಟಿಲ್ಲ. ಬೀದೀಲಿ 'ಇಂಜಿನಿಯರಮ್ಮ' ಅಂತ ಯಾರಾದ್ರೂ ಕರೆದ್ರೆ ಒಳಗೆ ಓಡ್ತಾಳೆ."

ಮೇಸ್ತ್ರಿ ತುತ್ತನ್ನು ತಟ್ಟೆಗಿಟ್ಟು, ಆ ಕಾಗದ ಎತ್ತಿಕೊಂಡ.

ಮರುದಿನ ಅಂಗಡಿಗೆ ಮಗಳನ್ನು ಕರೆದ. ಆದರೂ ಮಾತು ಬಿಡುವ ಮನಸ್ಸಿಲ್ಲ. ಎರಡು ಜೊತೆ ದಪ್ಪ ಕೈಗವಸು ತಂದು, "ಒಂದರ ಮೇಲೊಂದು ಹಾಕ್ಕೋ" ಅಂದ. ಆ ಕೈಯಲ್ಲಿ ಅವಳು ಒಂದು ನಟ್ಟು ಎತ್ತಿಕೊಳ್ಳುವಷ್ಟರಲ್ಲಿ ಅವನ ಟೀ ಮುಗಿದಿತ್ತು. ಅಷ್ಟರಲ್ಲಿ ಬೇಕರಿಯವನು ಮೋಟಾರು, ಪಂಪು ಎರಡೂ ಕೂರಿಸಿದ ಕಬ್ಬಿಣದ ಚೌಕಟ್ಟನ್ನು ಗಾಡಿಯಿಂದ ಇಳಿಸಿದ.

"ಮೇಸ್ತ್ರಿ, ಇದು ಮೂರನೇ ಸಲ. ನೀರು ಸೋರದ ಹಾಗೆ ನೀವು ಹಾಕೋ ಸೀಲು ವಾರಕ್ಕೊಂದು ಹೋಗುತ್ತೆ. ನನ್ನ ಬ್ರೆಡ್ಡಾದ್ರೂ ಇದಕ್ಕಿಂತ ಜಾಸ್ತಿ ದಿನ ಬಾಳುತ್ತೆ!"

ಮೇಸ್ತ್ರಿ ಗೊಣಗುತ್ತಾ ನಾಲ್ಕನೆಯ ಸೀಲು ಹುಡುಕಿದ. ಮಗಳು ಮೆಲ್ಲಗೆ, "ಅಪ್ಪಾ, ಸೀಲಿಂದು ತಪ್ಪಲ್ಲ ಅನ್ಸುತ್ತೆ. ಮೋಟಾರಿನ ಶಾಫ್ಟು, ಪಂಪಿನ ಶಾಫ್ಟು ಒಂದೇ ಗೆರೇಲಿ ಇಲ್ದಿದ್ರೆ ಹೀಗೆ ಸವೆಯುತ್ತೆ. ಏಳನೇ ಪಾಠ."

"ಪಾಠ ಇರ್ಲಿ. ಎಲ್ಲಿ, ತೋರ್ಸು."

ಅವಳು ತಿರುಗುವ ಆ ಎರಡು ದಂಡಗಳು ಸೇರುವ ಜಾಗವನ್ನು ತಡವಿದಳು. ಕೈಗವಸಿನಲ್ಲಿ ಏನು ತಿಳಿದೀತು? ಹಲ್ಲಿನಿಂದ ಕಚ್ಚಿ ನಾಲ್ಕನ್ನೂ ಕಿತ್ತೆಸೆದು, ಬರಿಗೈ ಇಟ್ಟಳು. "ಇಲ್ಲಿ! ಕೂದಲೆಳೆಯಷ್ಟು ಮೇಲಿದೆ." ಮೇಸ್ತ್ರಿ ಉಕ್ಕಿನ ಪಟ್ಟಿ ಇಟ್ಟು ನೋಡಿದ. ಸಂದಿಯಲ್ಲಿ ಬೆಳಕು ಕಂಡಿತು.

"ಅಯ್ಯೋ, ಮೂರು ಸೀಲು ಹಾಳು ಮಾಡಿದ್ನಲ್ಲೇ! ಮೊದಲೇ ಯಾಕೆ ಹೇಳ್ಲಿಲ್ಲ?"

"ಟಾರ್ಚ್ ಹಿಡ್ಕೋ ಅಂತ ನೀನಂದಿದ್ದೆ, ನಾನು ಹಿಡ್ಕೊಂಡಿದ್ದೆ."

ಬೇಕರಿಯವನು ನಕ್ಕ ನಗುವಿಗೆ ರಸ್ತೆಯವರು ತಿರುಗಿ ನೋಡಿದರು. ಚೌಕಟ್ಟಿನ ಬೋಲ್ಟು ಸಡಿಲಿಸಿ ಮಟ್ಟ ಮಾಡುವುದನ್ನು ಅಪ್ಪ ಹೇಳಿಕೊಟ್ಟ. ಯಾಕೆ ಹಾಗೆ ಮಾಡಬೇಕು ಎನ್ನುವುದನ್ನು ಮಗಳು ಹೇಳಿದಳು. ಹದಿನೇಳು ದಿನ ಹೀಗೇ ನಡೆಯಿತು. ಪರೀಕ್ಷೆಯ ದಿನ ಅವಳು ಒಂದು ಬೋಲ್ಟು ಬೀಳಿಸಿಕೊಂಡಳು, ಎಲ್ಲರಿಗಿಂತ ನಿಧಾನ ಮಾಡಿದಳು. ಆದರೂ ತಪ್ಪು ಕಂಡುಹಿಡಿದು, ಪಂಪು ಓಡಿಸಿ ತೋರಿಸಿದಳು. ಎರಡನೆಯ ಜಾಗ ಅವಳಿಗೆ ಸಿಕ್ಕಿತು.

ಅಪ್ಪಂದಿರೇ, ಅಮ್ಮಂದಿರೇ, ದುಡಿದು ಸವೆದ ನಮ್ಮ ಕೈಗಳಿಗೆ, ಮಕ್ಕಳಿಗಾದರೂ ಈ ಪಾಡು ಬೇಡ ಅನ್ನಿಸುವುದು ಸಹಜ. ಆದರೆ ಪದವಿಯ ಕಾಗದ ಬಾಗಿಲ ತನಕ ಕರೆದೊಯ್ಯುತ್ತದೆ, ಒಳಗೆ ಕೈಯೇ ಕೆಲಸ ಮಾಡಬೇಕು. ಮಕ್ಕಳು ಇನ್ನೂ ಓದುತ್ತಿರುವಾಗಲೇ ಕಾಲೇಜಿಗೆ ಹೋಗಿ ಕೇಳಿ: ರಜೆಯಲ್ಲಿ ಕೆಲಸ ಕಲಿಯಲು ಎಲ್ಲಿ ಕಳಿಸುತ್ತೀರಿ? ಕೆಲಸದ ಜಾಹೀರಾತನ್ನು ಮಕ್ಕಳ ಜೊತೆ ಕೂತು ಓದಿ, ಕೆಲಸ ಕೊಡುವವರು ಕೇಳುವುದರಲ್ಲಿ ನಮ್ಮವರಿಗೆ ಏನು ಬರುವುದಿಲ್ಲ ನೋಡಿ. ತರಬೇತಿಗೆ ಸೇರುವುದು ಅವಮಾನವಲ್ಲ. ಮೇಷ್ಟ್ರೇ, ಬೀರುವಿನ ಬೀಗ ತೆಗೆಯಿರಿ. ಕಾರ್ಖಾನೆಯವರೇ, ಗೇಟು ತೆಗೆಯಿರಿ.

ತರಬೇತಿಯ ಮೊದಲ ದಿನ ಮಗಳು ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಮನೆಗೆ ಬಂದಳು. ಮೇಸ್ತ್ರಿ ಕೊಟ್ಟ ಮಾತು ಪೂರ್ತಿ ಮುರಿಯಿತು.