ಕಟ್ ಅಂದ ಮೇಲೂ

"ಥೂ, ಮುಚ್ಕೊಳ್ಳೇ ಆ ಕೈನ! ನೋಡಿದ್ರೆ ತಿಂದಿದ್ದೆಲ್ಲ ಬಾಯಿಗೆ ಬರುತ್ತೆ."

ಚರ್ಮ ಹದಮಾಡುವ ಕಾರ್ಖಾನೆಯ ಮಾಲೀಕ ಬೈದದ್ದು ನನ್ನ ಅವ್ವನಿಗೆ. ಅವಳು ಸುಣ್ಣದ ತೊಟ್ಟಿಯಿಂದ ಹಸಿ ಚರ್ಮ ಎಳೆಯುತ್ತಿದ್ದಳು. ಇಪ್ಪತ್ತು ವರ್ಷದ ಸುಣ್ಣ ಅವಳ ಉಗುರುಗಳನ್ನು ತಿಂದಿತ್ತು, ಬೆರಳ ಸಂದಿಗಳಲ್ಲಿ ಕೀವು ತುಂಬಿತ್ತು. ಅವನು ಹೊಸ ರಬ್ಬರ್ ಗ್ಲೌಸನ್ನು ಅವಳ ಕೈಗೆ ಕೊಡಲಿಲ್ಲ, ದೂರದಿಂದ ನೆಲಕ್ಕೆಸೆದ. ನಮ್ಮವರ ಮೈ ಸೋಕಿದರೆ ಮೂರು ಸಲ ಸೋಪು ಹಾಕಿ ತೊಳೆದುಕೊಳ್ಳುವ ಆಸಾಮಿ ಅವನು.

ಕ್ಯಾಮೆರಾದ ಹಿಂದೆ ನಿಂತಿದ್ದವಳು ನಾನು. ಹೊರದೇಶದ ಖರೀದಿದಾರರಿಗೆ ತೋರಿಸಲು 'ನಮ್ಮ ಕೆಲಸದವರು ನಮ್ಮ ಮನೆಯವರು' ಎಂಬ ಚಿತ್ರ. ಇಂಥ ಸುಳ್ಳುಗಳಿಗೆ ಮೂರು ವರ್ಷದಿಂದ ಕಾರ್ಖಾನೆ ಕಾರ್ಖಾನೆ ಅಲೆದು ಬಣ್ಣ ಬಳಿದವಳು ನಾನೇ. ಕಂಡವರ ಅವ್ವಂದಿರ ಕೈಗಳನ್ನು ಫ್ರೇಮಿನಾಚೆ ಇಟ್ಟಾಗ ನನಗೇನೂ ಚುಚ್ಚಿರಲಿಲ್ಲ. ನನ್ನ ಮೋರೆಗಿಷ್ಟು!

"ಮಗಳೇ ತೆಗೀತಿರೋದು, ನಗೇ," ಎಂದ ಮಾಲೀಕ.

ಹುಣ್ಣಿನ ಮೇಲೆ ಗ್ಲೌಸು ಎಳೆದುಕೊಂಡು ಅವ್ವ ನಕ್ಕಳು. ಕಣ್ಣಲ್ಲಿ ನೀರು ಬಂತು.

"ಆನಂದಬಾಷ್ಪ! ಅದನ್ನೂ ಹಿಡ್ಕೊ."

"ಕಟ್," ಎಂದೆ.

ತಕ್ಷಣ ಮೇಸ್ತ್ರಿ, ಚಿತ್ರಕ್ಕೆಂದು ಎಲ್ಲರಿಗೂ ಹಂಚಿದ್ದ ಗ್ಲೌಸು ವಾಪಸ್ ತುಂಬಿಕೊಳ್ಳಲು ಗೋಣಿಚೀಲ ಹಿಡಿದು ಬಂದ. "ಬಿಚ್ರಿ, ಬಿಚ್ರಿ! ಒಂದ್ ಜೊತೆ ಕಮ್ಮಿಯಾದ್ರೂ ಚರ್ಮ ಸುಲೀತೀನಿ."

"ನಂದೊಂದ್ ಜೊತೆ ಇರ್ಲಿ ಧಣಿ, ಸುಣ್ಣ ಉರಿಯುತ್ತೆ," ಎಂದಳು ಅವ್ವ.

ಮಾಲೀಕ ಹೊಟ್ಟೆ ಹಿಡಿದು ನಕ್ಕ. "ಹಂದಿಗೆ ಕಾಲ್ಚೀಲ ಬೇರೆ ಕೇಡು!"

ನಾನು ಕಟ್ ಅಂದದ್ದು ಬಾಯಲ್ಲಿ ಮಾತ್ರ. ಬೆರಳು ಗುಂಡಿ ಒತ್ತಿರಲಿಲ್ಲ.

ಅದನ್ನು ಮನೆಯಲ್ಲಿ ಅವ್ವನಿಗೆ ತೋರಿಸಿದೆ. "ಅಂತೂ ನಿಂಗೂ ಕಣ್ಣು ಬಂತಲ್ಲ," ಎಂದಳು. "ತೋರ್ಸು. ಕೆಲಸ ಹೋದ್ರೆ ಹಾಳಾಗ್ ಹೋಗ್ಲಿ."

ಖರೀದಿದಾರರು ಬಂದ ದಿನ ಅವ್ವನಿಗೆ ಹೊಸ ಬಟ್ಟೆ ಉಡಿಸಿ, ಕೈ ಸೆರಗಿನಡಿ ಇಟ್ಟುಕೊಳ್ಳಲು ಹೇಳಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಅವಳು ನಕ್ಕಳು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ನನ್ನ ದನಿ: ಕಟ್. ಆಮೇಲೆ ಗೋಣಿಚೀಲ.

ಚಪ್ಪಾಳೆ ನಿಂತುಹೋಯಿತು. ಮಾಲೀಕ ಎದ್ದುಬಿದ್ದು ಗೋಡೆಯಲ್ಲಿದ್ದ ಪ್ರೊಜೆಕ್ಟರಿನ ಪ್ಲಗ್ ಕೀಳಲು ಓಡಿದ. ಅಷ್ಟರಲ್ಲಿ ಅವ್ವ ಅಲ್ಲಿದ್ದಳು, ಎರಡೂ ಅಂಗೈಗಳಿಂದ ಪ್ಲಗ್ಗನ್ನು ಮುಚ್ಚಿಕೊಂಡು.

"ತೆಗಿಯೇ ಕೈನ, ಬೋಸುಡಿ!"

"ನೀವೇ ತೆಗೀರಿ ಧಣಿ. ಹಿಡಿದು ಎಳೀರಿ."

ಅವನ ಕೈ ಮುಂದೆ ಬಂದು ಅವಳ ಬೆರಳುಗಳಿಂದ ಗೇಣುದ್ದ ದೂರದಲ್ಲಿ ನಿಂತಿತು. ಮತ್ತೆ ಚಾಚಿದ. ಮತ್ತೆ ನಿಂತಿತು. ನನ್ನ ಹೊಟ್ಟೆ ತಣ್ಣಗಾಯಿತು. ಪರದೆಯ ಮೇಲೆ ಅವನು ಹಂದಿ ಎಂದು ನಗುತ್ತಿದ್ದ, ಖರೀದಿದಾರರ ಕಿವಿಯಲ್ಲಿ ದುಭಾಷಿ ಆ ಮಾತನ್ನೇ ಉಸುರುತ್ತಿದ್ದ.

"ಲೋ ಮೇಸ್ತ್ರಿ," ಎಂದು ಕಿರುಚಿದ ಮಾಲೀಕ, "ಗ್ಲೌಸ್ ತಾರೋ!"

ಸಭೆಯನ್ನು ಚಿತ್ರಿಸುತ್ತಿದ್ದ ನಾನು ಕ್ಯಾಮೆರಾವನ್ನು ಅವನತ್ತ ತಿರುಗಿಸಿದೆ. ಈ ಸಲ ಬಾಯಲ್ಲೂ ಕಟ್ ಅನ್ನಲಿಲ್ಲ.