ಮಗಳ ಬಯಕೆ, ಮಾವನ ಮೀಸೆ

ಬಸುರಿಯರಿಗೆ ಹುಳಿ ಬೇಕೆನಿಸುವುದು ಲೋಕರೂಢಿ. ಸುಶಿ ಅಡುಗೆಯವನ ಹೆಂಡತಿಗೆ ಮಾತ್ರ ಹಸಿ ಮೀನೇ ಬೇಕು. ಊರಿಗೆಲ್ಲ ಹಸಿ ಮೀನು ಕೊಯ್ದು ಬಡಿಸುವ ಮಹಾಶಯ ಐದು ತಿಂಗಳಿಂದ ಮನೆಗೆ ಬೇಯಿಸಿದ್ದನ್ನೇ ತರುತ್ತಿದ್ದ. ಅವಳೇನು ಸುಮ್ಮನಿರುವವಳೇ? ಅಪ್ಪನಿಗೆ ದೂರು ಕೊಟ್ಟಳು.

ಅಪ್ಪ ನಲವತ್ತು ವರ್ಷ ಮೀನು ಮಾರಿದವರು. ಅಳಿಯನಿಗೆ ಮೀನು ಕೊಯ್ಯಲು ಕಲಿಸಿದ್ದೂ ಅವರೇ. ಬೆಳಿಗ್ಗೆ ಮೀಸೆಗೆ ಎಣ್ಣೆ ಹಚ್ಚಿ ತಿರುವದೆ ಅಂಗಡಿ ಬಾಗಿಲು ತೆಗೆದವರಲ್ಲ. ದೂರು ಕೇಳಿದ ಮಧ್ಯಾಹ್ನವೇ, ದೋಣಿಯಿಂದ ಆಗಷ್ಟೇ ಇಳಿದ ಮೀನನ್ನು ಹಿಡಿದು, ಮಗಳನ್ನೂ ಕರೆದುಕೊಂಡು ಅಳಿಯನ ಹೋಟೆಲಿನ ಅಡುಗೆಮನೆಗೆ ನುಗ್ಗಿದರು.

“ಅಳಿಯಂದಿರೇ, ಮೀನು ತಿಂದ್ರೆ ಮಗು ಮಿದುಳಿಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳಿದ್ದಾರೆ. ಕೊಯ್ದು ಕೊಡಿ.”

“ಮೀನು ತಿನ್ನಿ ಅಂದ್ರು ಮಾವ, ಹಸೀದು ತಿನ್ನಿ ಅನ್ಲಿಲ್ಲ. ಬಸುರಿಗೆ ಸೋಂಕು ತಗುಲಿದ್ರೆ ಮಗೂಗೂ ಅಪಾಯ. ಗಿರಾಕಿಗಳಿಗೆ ಕೊಡೋ ಮೀನನ್ನೇ ನಾವು ಏಳು ದಿನ ಫ್ರೀಜರ್‌ನಲ್ಲಿ ಕಲ್ಲು ಮಾಡಿ ಇಡ್ತೀವಿ, ಹುಳ ಇದ್ರೆ ಸಾಯ್ಲಿ ಅಂತ.”

“ಹುಳ!” ಮಾವನ ಮೀಸೆ ನೆಟ್ಟಗಾಯಿತು. “ತಾಜಾ ಮೀನಿಗೆ ಹುಳಾನಾ? ಇದ್ರಲ್ಲಿ ಒಂದೇ ಒಂದು ತೋರ್ಸಿ, ಮೀಸೆ ಬೋಳಿಸ್ಕೊತೀನಿ!”

ಅಳಿಯ ಮೀನನ್ನು ತೆಳ್ಳಗೆ ಕೊಯ್ದು, ಕೆಳಗೆ ದೀಪವಿದ್ದ ಗಾಜಿನ ಹಲಗೆಯ ಮೇಲೆ ಹರಡಿದ. ಹೆಂಡತಿ ಆಗಲೇ ತಟ್ಟೆ ಹಿಡಿದು ಕೂತಿದ್ದಳು. ಮೂರನೆಯ ಹೋಳಿನಲ್ಲಿ ದಾರದ ಸುರುಳಿಯಂಥದ್ದೊಂದು ಕಂಡಿತು. ಅವನ ಕೈ ತಾನಾಗಿಯೇ ಅದನ್ನು ಮುಚ್ಚಿತು.

ಅತ್ತ ದರಿ, ಇತ್ತ ಪುಲಿ. ತೋರಿಸಿದರೆ ಮಗಳೆದುರೇ ಗುರುವಿನ ಮಾನ ಹೋಗುತ್ತದೆ. ತೋರಿಸದಿದ್ದರೆ ನಾಳೆ ಇವರೇ ಮನೆಯಲ್ಲಿ ಇಂಥದ್ದನ್ನೇ ಕೊಯ್ದು ಅವಳಿಗೆ ತಿನ್ನಿಸುತ್ತಾರೆ. ಅವನು ಕೈ ಸರಿಸಿದ.

“ಇಲ್ಲಿ ನೋಡಿ, ಮಾವ.”

ಮಾವ ಕನ್ನಡಕ ಒರೆಸಿ ಬಗ್ಗಿದರು. ಸುರುಳಿ ಮೆಲ್ಲಗೆ ಬಿಚ್ಚಿಕೊಂಡಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಲೋಕದ ತುಂಬ ಇದ್ದಾರೆ. ಇವರು ಹೋಳುಗಳನ್ನೆಲ್ಲ ತಾವೇ ಬಾಚಿ ಬಾಣಲೆಗೆ ಹಾಕಿದರು. ಅವತ್ತು ಮೀನು ಚೆನ್ನಾಗಿ ಬೆಂದಿತು, ಮೂವರೂ ತಲೆ ತಗ್ಗಿಸಿಕೊಂಡು ತಿಂದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಮಗಳಿಗೆ ಒಂದು ಗಳಿಗೆ ಎದುರಿಗಿರುವವರ ಗುರುತೇ ಸಿಗಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಮಾವ, ನಿಜವಾಗ್ಲೂ ಬೋಳಿಸ್ಬೇಕಿತ್ತಾ!” ಅಳಿಯನಿಗೆ ಅಳುವೇ ಬಂತು.

“ನೀವು ನಿನ್ನೆ ಕೈ ಅಡ್ಡ ಇಟ್ಟಿದ್ದು ನೋಡ್ದೆ. ನನ್ನ ಮಾನ ಉಳಿಸೋಕೆ ಅಂತಾನೂ ಗೊತ್ತಾಯ್ತು. ಆದ್ರೂ ನನ್ನ ಮಗಳಿಗೋಸ್ಕರ ಸರಿಸಿದ್ರಲ್ಲ, ಅದ್ರ ಮುಂದೆ ಮೀಸೆ ಯಾವ ಲೆಕ್ಕ?” ಎಂದರು ಮಾವ. ಅಭ್ಯಾಸಬಲದಿಂದ ಬರೀ ತುಟಿಯನ್ನೇ ತಿರುವಿ, ಮಗಳ ಕಡೆ ತಿರುಗಿದರು. “ಇನ್ನು ನಾಲ್ಕೇ ತಿಂಗಳು ತಡ್ಕೊಳಮ್ಮ. ನಿನ್ನ ಹಸಿ ಮೀನು, ನನ್ನ ಮೀಸೆ, ಎರಡೂ ಮಗು ಜೊತೇಲೇ ಬರ್ತವೆ.”